ಕೆಳಗಿನ ಪಾಲು

ಕಟ್ಟಿ ನೋಡಲಿಲ್ಲ ನಾನು, ಕೊಂಡು ನೋಡಿದೆ.
ಕುಮ್ ಹೆಡಿಧ್, ಮೇಲಿನ ಸಾಲು, ನಲವತ್ತೊಂದನೇ ನಂಬರು.
ಹೆಗಲಿಗೆ ಹೆಗಲು ಆನಿಸಿ ಗುಡ್ಡ ಹತ್ತುವ
ಅರವತ್ತು ಮನೆಗಳಲ್ಲಿ ಒಂದು;
ನನ್ನ ಹೊಸಿಲು ಕೆಳಮನೆಯವರ ಕಿಟಕಿಯ ಎತ್ತರಕ್ಕೆ.

ತೊಂಬತ್ತೆರಡು ಸಾವಿರ ಪೌಂಡು.
'ಕಾರ್ಡಿಫಿನಲ್ಲಿ ಇಷ್ಟಕ್ಕೆ ಕಾರು ನಿಲ್ಲಿಸೋ ಜಾಗ ಸಿಕ್ಕೀತು'
ಅಂದ ಏಜೆಂಟ್ ಹುಡುಗ, ಚೂಪು ಬೂಟಿನವ,
ಒದ್ದೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ
ಅದು ನನಗೆ ಕಾಣದಿರಲೆಂದು.
ಕಂಡಿತ್ತು. ಹದಿನೇಳು ವರ್ಷ ಬಾಡಿಗೆ ಕಟ್ಟಿದವಳ ಮೂಗು
ಬೂಷ್ಟನ್ನು ಬಾಗಿಲಲ್ಲೇ ಹಿಡಿಯುತ್ತದೆ.

ವಕೀಲರ ಲಕೋಟೆಯಲ್ಲಿ ಒಂದು ನಕಾಶೆ ಬಂತು.
ನನ್ನ ಮನೆ ಕೆಂಪು ಗೆರೆಯ ಚೌಕ, ಬೆಂಕಿಪೊಟ್ಟಣದಷ್ಟು.
ಅದರಡಿ ಏಳು ಪದರ ಕಲ್ಲಿದ್ದಲು,
ಏಳನ್ನೂ ತೆಗೆದಾಗಿದೆ.
ಹಿತ್ತಿಲಿಂದ ಹದಿನೆಂಟು ಮೀಟರಿಗೆ ಒಂದು ಬಾವಿ,
ನೀರಿನದಲ್ಲ. ಮುಚ್ಚಿದ್ದಾರೆಂದು ನಂಬಲಾಗಿದೆ.
ನಂಬಿದವರು ಯಾರು, ಬರೆದಿಲ್ಲ.
ಕೊನೆಯ ಪುಟದಲ್ಲಿ, ಇರುವೆಸಾಲಿನ ಅಕ್ಷರದಲ್ಲಿ:
ನೆಲದಡಿಯ ಗಣಿ, ಖನಿಜ ಈ ಕ್ರಯಕ್ಕೆ ಸೇರಿಲ್ಲ.
ಹಾಗಾದರೆ ಮೇಲಿನದು ನನ್ನದು, ಕೆಳಗಿನ ಪಾಲು ಬೇರೆಯವರದು.
ಸಾಲ ಮಾತ್ರ, ಇಪ್ಪತ್ತೆಂಟು ವರ್ಷ, ಪೂರ್ತಿ ನನ್ನದು.

ಏಜೆಂಟ್ ಕೊಟ್ಟದ್ದು ಒಂದು ಬೀಗದ ಕೈ.
ಇನ್ನೊಂದು ಪಕ್ಕದ ಮನೆಯಲ್ಲಿತ್ತು.
ಇಡ್ವಲ್, ಎಪ್ಪತ್ತೊಂಬತ್ತು, ಮನೆಚಪ್ಪಲಿಯಲ್ಲೇ ಬಂದ,
'ಓಲ್ವೆನ್ ಕೊಟ್ಟಿದ್ದು, ನಲವತ್ತು ವರ್ಷ ಆಯ್ತು, ತಗೋ' ಎಂದ.
ಕೊಡಲಿಲ್ಲ.
ಮುಷ್ಟಿಯಲ್ಲಿಟ್ಟುಕೊಂಡೇ ಒಳಗೆ ಬಂದು
ಒಂದೊಂದೇ ಹೇಳತೊಡಗಿದ:
ಬಿಸಿನೀರಿನ ನಲ್ಲಿ ಕೂಗುತ್ತೆ, ಹೆದರಬೇಡ,
ಕಸದ ಚೀಲ ಹಿಂದಿನ ರಾತ್ರಿ ಇಡಬೇಡ,
ಗುಡ್ಡದ ಕುರಿ ಬಂದು ಬೀದಿಯೆಲ್ಲ ಹರಡುತ್ತವೆ,
ನಿನ್ನೆಯ ಊಟ ಏನೆಂದು ಊರಿಗೇ ಗೊತ್ತಾಗುತ್ತೆ.

ಅಷ್ಟರಲ್ಲಿ ಮಬ್ಲಿಯ ಕೈಯಿಂದ ಗೋಲಿಯೊಂದು ಜಾರಿ
ಅಡುಗೆಮನೆಯುದ್ದಕ್ಕೂ, ದಾರಿ ಬಲ್ಲವರಂತೆ,
ಒಲೆಯ ಹಿಂದಿನ ಮೂಲೆಗೆ ಹೋಗಿ ನಿಂತಿತು.
ಎರಡನೆಯದೂ ಅಲ್ಲಿಗೇ.
ಎಂಟು ವರ್ಷದವಳಿಗೆ ಅದು ಹಬ್ಬ.
ನನ್ನ ಎದೆ ಧಸಕ್ಕೆಂದಿತು.

ಇಡ್ವಲ್ ಆ ಮೂಲೆಯನ್ನೇ ನೋಡಿದ.
'ಎಪ್ಪತ್ತೆಂಟು,' ಎಂದ. 'ಮೂರಡಿ ಪದರ.
ನಾನು, ಹೆಫಿನ್, ಓಲ್ವೆನ್ ಗಂಡ ಟಾಲ್ವಿನ್,
ಈ ನಿನ್ನ ಒಲೆಯ ನೇರ ಕೆಳಗೆ, ನಾನೂರು ಗಜ,
ಮೊಣಕಾಲ ಮೇಲೆ.
ಇಲ್ಲಿ ಅವಳು ಹಿಟ್ಟು ನಾದುತ್ತಿದ್ದಳು,
ಅಲ್ಲಿ ಇವನು ಡಬ್ಬಿ ಬಿಚ್ಚಿ ಅನ್ನುತ್ತಿದ್ದ:
ನಮ್ಮ ಮನೇಲೇ ಕೂತಿದೀವಿ ಕಣ್ರೋ,
ಚಹಾ ಮಾತ್ರ ಆರಿದೆ.
ಆಮೇಲೆ ಮೂಲೆ ಎರಡಿಂಚು ಇಳಿಯಿತು.
ಮೂರು ತಿಂಗಳು ಗಂಡನ ಜೊತೆ ಮಾತು ಬಿಟ್ಟಿದ್ದಳು.'

'ಇನ್ನೂ ಇಳಿಯುತ್ತದೆಯೇ?'
'ಇಳಿಯೋದೆಲ್ಲ ಇಳಿದಾಯ್ತು.'
ಮನೆಯ ಮಾತೇ ಇರಬೇಕು.

ಕಿಟಕಿಯಾಚೆಯ ಗುಡ್ಡ, ಗುಡ್ಡವಲ್ಲ;
ಒಳಗಿಂದ ತಂದು ಸುರಿದ ಬೇಡದ ಕಲ್ಲು, ಮಣ್ಣು.
ಮೇಲೆ ಹುಲ್ಲು ಹೊದಿಸಿದ್ದಾರೆ.
ಪ್ರಾರ್ಥನೆಯ ಮಂದಿರದಲ್ಲಿ ಈಗ ಜಮಖಾನೆ ಮಾರುತ್ತಾರೆ,
ಹೊಳೆ ತುಕ್ಕಿನ ಬಣ್ಣ, ಸಿಗಡಿಯೂ ಇಲ್ಲ.
ಮಳೆ ಜೋರು ಹಿಡಿದ ರಾತ್ರಿ
ಮೇಲಿನ ಸಾಲಿನವರು ದೀಪ ಆರಿಸುವುದಿಲ್ಲ,
ಆ ಹುಲ್ಲಿನ ಕಡೆ ನೋಡುತ್ತಾ ಕೂರುತ್ತಾರೆ.
ಮೊದಲ ಸಲ ನಾನೂ ಕೂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ವರ್ಷವಾಯಿತು.
ಬೂಷ್ಟಿಗೆ ಸುಣ್ಣ ಬಳಿದೆ, ಮತ್ತೆ ಬಂತು, ಮತ್ತೆ ಬಳಿದೆ.
ಆಸ್ಪತ್ರೆಯ ರಾತ್ರಿಪಾಳಿಯಲ್ಲಿ ನಾನಿರುವಾಗ
ಮಬ್ಲಿಗೆ ಜ್ವರ ಬಂದರೆ ಬಾಗಿಲು ತೆರೆಯುವುದು
ಆ ಇನ್ನೊಂದು ಬೀಗದ ಕೈ.

ಮನೆಯಲ್ಲಿ ಕಳೆದದ್ದೆಲ್ಲ ಈಗ ಒಂದೇ ಕಡೆ ಸಿಗುತ್ತದೆ:
ಬಟಾಣಿ, ಪೆನ್ಸಿಲ್, ನಾಣ್ಯ.
ಮೊನ್ನೆ ಒಲೆ ಸರಿಸಿ ಗುಡಿಸಿದಾಗ
ಹಲಗೆಯ ಸಂದಿಯಲ್ಲಿ ಒಂದು ನೀಲಿ ಗುಂಡಿ,
ಹೆಂಗಸರ ರವಿಕೆಯದು, ನನ್ನದಲ್ಲ,
ಕ್ರಯಪತ್ರದಲ್ಲಿ ಹೆಸರಿಲ್ಲದ್ದು.

ಇಡ್ವಲ್‌ಗೆ ತೋರಿಸಿದೆ.
ಬೆಳಕಿಗೆ ಹಿಡಿದು ನೋಡಿದ,
ಜೇಬಿಗೆ ಹಾಕಿಕೊಂಡ.